ಪರ್ಲ್, ಗಾರ್ಟರ್, ಕಿಚನರ್: ಹೆಣಿಗೆಯ ಈ ಹೆಸರುಗಳು ಎಲ್ಲಿಂದ ಬಂದವು?

ಹೊಸಕಡ್ಡಿ:
ಪ್ಯಾಟರ್ನ್ ಬ್ರಿಟನ್ನಿನದು, ನೋಡುವ ವಿಡಿಯೋ ಅಮೆರಿಕದ್ದು. ಒಂದರಲ್ಲಿ ‘ಟೆನ್ಷನ್’ ಅಂತಾರೆ, ಇನ್ನೊಂದರಲ್ಲಿ ‘ಗೇಜ್’. ಎರಡರಲ್ಲೂ 8ನೇ ನಂಬರ್ ಕಡ್ಡಿ ಅಂತಿದ್ದರೂ ಬಿಗಿ ಹೊಂದುತ್ತಿಲ್ಲ. ಸ್ಟಾಕಿಂಗ್ ಸ್ಟಿಚ್ ಹಾಕಿದರೆ ಅಂಚು ಸುರುಳಿ ಸುತ್ತುತ್ತದೆ. ಗಾರ್ಟರ್, ಪರ್ಲ್, ಕಿಚನರ್ ಅನ್ನುವ ಹೆಸರುಗಳಿಗೆ ಅರ್ಥವೇನು? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಎರಡೆಳೆ:
ಮೊದಲು ಕಡ್ಡಿ, ಯಾಕೆಂದರೆ ಇಲ್ಲಿ ತಪ್ಪಿದರೆ ಇಡೀ ಸ್ವೆಟರ್ ಹಾಳು. ಬ್ರಿಟನ್ನಿನ ಹಳೇ ಲೆಕ್ಕದಲ್ಲಿ 8 ಅಂದರೆ 4 ಮಿ.ಮೀ., ಅಮೆರಿಕದ 8 ಅಂದರೆ 5 ಮಿ.ಮೀ. ಬ್ರಿಟಿಷ್ ನಂಬರ್ ಏರಿದಷ್ಟೂ ಕಡ್ಡಿ ಸಣ್ಣಗಾಗುತ್ತದೆ, ಅಮೆರಿಕದ್ದು ಏರಿದಷ್ಟೂ ದಪ್ಪ. ನಂಬರ್ ಮರೆತುಬಿಡಿ, ಮಿಲಿಮೀಟರ್ ನೋಡಿ ಕೊಳ್ಳಿ.

ಟೆನ್ಷನ್, ಗೇಜ್ ಎರಡೂ ಒಂದೇ: 10 ಸೆಂ.ಮೀ.ಗೆ ಎಷ್ಟು ಕುಣಿಕೆ, ಎಷ್ಟು ಸಾಲು ಅನ್ನುವ ಲೆಕ್ಕ. 22 ಕುಣಿಕೆ ಬೇಕಿದ್ದ ಕಡೆ ನಿಮ್ಮ ಕೈಯಲ್ಲಿ 24 ಬಂದರೆ, 220 ಕುಣಿಕೆಯ ಸ್ವೆಟರ್ 100 ಸೆಂ.ಮೀ. ಬದಲು ಸುಮಾರು 92ಕ್ಕೆ ನಿಲ್ಲುತ್ತದೆ. 30 ಕುಣಿಕೆ ಹಾಕಿ 13 ಸೆಂ.ಮೀ. ಎತ್ತರದ ತುಂಡು ಹೆಣೆದು, ಒಗೆದು, ಒಣಗಿಸಿ, ನಡುವಿನ 10 ಸೆಂ.ಮೀ. ಮಾತ್ರ ಎಣಿಸಿ. ಕುಣಿಕೆ ಹೆಚ್ಚು ಬಂದರೆ ದಪ್ಪ ಕಡ್ಡಿ, ಕಮ್ಮಿ ಬಂದರೆ ಸಣ್ಣದು.

ಉಲ್ಲನ್‌ಉಂಡೆ:
ಹೆಸರುಗಳ ವಿಷಯಕ್ಕೆ ಬರೋಣ. ‘ನಿಟ್’ ಅಂದರೆ ಕಡ್ಡಿಯನ್ನು ಕುಣಿಕೆಯ ಮುಂದಿನಿಂದ ಹಿಂದಕ್ಕೆ ತೂರಿಸಿ ಹಾಕುವ ಸೀದಾ ಕುಣಿಕೆ. ಅದು ಹಳೆ ಇಂಗ್ಲಿಷಿನಲ್ಲಿ ಗಂಟು ಹಾಕು ಅನ್ನುವ ಅರ್ಥದ ಪದ. ಗಂಟಿಗೆ ಅವರು ಹೇಳುವ ‘ನಾಟ್’ ಕೂಡ ಅದೇ ಬಳಗದ್ದು. ‘ಪರ್ಲ್’ ಅದರ ತಿರುವು: ಕಡ್ಡಿ ಹಿಂದಿನಿಂದ ಮುಂದಕ್ಕೆ ಬರುತ್ತದೆ, ನಮ್ಮ ಕಡೆಗೆ ಉಬ್ಬು ಬೀಳುತ್ತದೆ. ಆ ಹೆಸರಿನ ಅರ್ಥ ಮುತ್ತಲ್ಲ. ಹಳೇ ಪುಸ್ತಕಗಳಲ್ಲಿ ಮುತ್ತಿನ ಕಾಗುಣಿತದಲ್ಲೇ ಬರೆದದ್ದರಿಂದ ಈ ಗೊಂದಲ. ಅಂಚಿಗೆ ಹಾಕುತ್ತಿದ್ದ, ಹುರಿಗೊಳಿಸಿದ ಚಿನ್ನ ಬೆಳ್ಳಿಯ ಎಳೆಗೆ ಆ ಹೆಸರಿತ್ತು.

ಸ್ಟಾಕಿಂಗ್ ಅಂದರೆ ಉದ್ದ ಕಾಲುಚೀಲ. ಗಾರ್ಟರ್ ಅಂದರೆ ಅದು ಜಾರದಂತೆ ಕಟ್ಟುವ ಪಟ್ಟಿ. ಈ ಹೆಸರುಗಳಲ್ಲೇ ಹೆಣಿಗೆಯ ಗುಣವೂ ಇದೆ. ಗಾರ್ಟರ್ ಉದ್ದಕ್ಕೆ ಎಳೆದರೆ ಚೆನ್ನಾಗಿ ಹಿಗ್ಗುತ್ತದೆ, ಸುರುಳಿಯೂ ಸುತ್ತುವುದಿಲ್ಲ. ಎಲ್ಲ ಸಾಲೂ ನಿಟ್ ಆಗಿರುವುದರಿಂದ ಎರಡೂ ಮುಖ ಒಂದೇ ಥರ. ಸ್ಟಾಕಿಂಗಿನಲ್ಲಿ ಒಂದು ಸಾಲು ನಿಟ್, ಒಂದು ಸಾಲು ಪರ್ಲ್. ಉಬ್ಬೆಲ್ಲ ಒಂದೇ ಮುಖಕ್ಕೆ ಸೇರುವುದರಿಂದ ಎಳೆತ ಸಮವಾಗದೆ ಪಕ್ಕದ ಅಂಚು ಹಿಂದಕ್ಕೆ, ಮೇಲಿನ ಮತ್ತು ಕೆಳಗಿನ ಅಂಚು ಮುಂದಕ್ಕೆ ಮಡಚುತ್ತವೆ. ಇದು ನಿಮ್ಮ ತಪ್ಪಲ್ಲ. ಎರಡೂ ಪಕ್ಕ 4 ಕುಣಿಕೆ, ಕೆಳಗೆ ಮೇಲೆ 6 ಸಾಲು ಗಾರ್ಟರ್ ಹಾಕಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಇಸ್ತ್ರಿ ಮಾಡಿ ಚಪ್ಪಟೆ ಮಾಡಲು ಹೋಗಬೇಡಿ, ಅಕ್ರಿಲಿಕ್ ಉಲ್ಲನ್ ಬಿಸಿಗೆ ಸತ್ತು ಜೋತುಬೀಳುತ್ತದೆ.

ಗುಂಡಗೆ ಸುತ್ತಿ ಹೆಣೆಯುವಾಗ ಮಾತ್ರ ಲೆಕ್ಕ ತಲೆಕೆಳಗು: ಬರೀ ನಿಟ್ ಹಾಕಿದರೆ ಸ್ಟಾಕಿಂಗ್, ಒಂದು ಸುತ್ತು ನಿಟ್ ಒಂದು ಸುತ್ತು ಪರ್ಲ್ ಹಾಕಿದರೆ ಗಾರ್ಟರ್.

ಕಾಲುಚೀಲ:
ಕಿಚನರ್ ಅಂದರೆ ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನ ಯುದ್ಧಮಂತ್ರಿಯಾಗಿದ್ದ ಲಾರ್ಡ್ ಕಿಚನರ್. 1902ರಿಂದ 1909ರವರೆಗೆ ಭಾರತದ ಸೇನಾಧಿಪತಿಯೂ ಆಗಿದ್ದವರು. ಸೈನಿಕರ ಕಾಲುಚೀಲದ ಬೆರಳ ತುದಿಯನ್ನು ಉಬ್ಬು ಹೊಲಿಗೆಯಿಲ್ಲದೆ ಮುಚ್ಚುವ ಕ್ರಮಕ್ಕೆ ಅವರ ಹೆಸರು ಅಂಟಿಕೊಂಡಿತು. ಕ್ರಮ ಮಾತ್ರ ಅವರಿಗಿಂತ ಹಳೆಯದು. ಇದರ ಇನ್ನೊಂದು ಹೆಸರು ಗ್ರಾಫ್ಟಿಂಗ್, ಅಂದರೆ ಗಿಡಕ್ಕೆ ಕಟ್ಟುವ ಕಸಿ. ನನಗೆ ಆ ಹೆಸರೇ ಹೆಚ್ಚು ಸರಿ ಅನ್ನಿಸುತ್ತದೆ.

ಎರಡು ಕಡ್ಡಿಯಲ್ಲೂ ಸಮ ಕುಣಿಕೆ ಇರಲಿ, ಸೀದಾ ಮುಖ ಹೊರಗೆ. ಅಗಲದ 4 ಪಟ್ಟು ದಾರ ಬಿಟ್ಟು ಮೊಂಡು ಸೂಜಿಗೆ ಪೋಣಿಸಿ. ಆರಂಭದಲ್ಲಿ ಮುಂದಿನ ಕಡ್ಡಿಯ ಮೊದಲ ಕುಣಿಕೆಗೆ ಪರ್ಲ್ ತೂರಿಸುವಂತೆ, ಹಿಂದಿನದಕ್ಕೆ ನಿಟ್ ತೂರಿಸುವಂತೆ ಸೂಜಿ ಹಾಕಿ. ಎರಡನ್ನೂ ಕಡ್ಡಿಯಲ್ಲೇ ಬಿಡಿ. ಆಮೇಲೆ ಕೊನೆಯವರೆಗೆ ಇಷ್ಟೇ:

ಮುಂದೆ: ನಿಟ್ ತೆಗಿ, ಪರ್ಲ್ ಬಿಡು.
ಹಿಂದೆ: ಪರ್ಲ್ ತೆಗಿ, ನಿಟ್ ಬಿಡು.

‘ತೆಗಿ’ ಅಂದರೆ ಸೂಜಿ ತೂರಿಸಿ ಕುಣಿಕೆಯನ್ನು ಕಡ್ಡಿಯಿಂದ ಇಳಿಸುವುದು. ‘ಬಿಡು’ ಅಂದರೆ ಮುಂದಿನ ಕುಣಿಕೆಗೆ ತೂರಿಸಿ ಅಲ್ಲೇ ಉಳಿಸುವುದು. ದಾರ ಯಾವಾಗಲೂ ಕಡ್ಡಿಯ ತುದಿಯ ಕೆಳಗಿಂದಲೇ ಬರಬೇಕು. ಮೇಲೆ ಸುತ್ತಿದರೆ ಬೇಡದ ಕುಣಿಕೆಯೊಂದು ಹುಟ್ಟುತ್ತದೆ.

ಹೊಸಕಡ್ಡಿ:
ತುಂಬಾ ಉಪಕಾರ. ಪ್ರತಿ ಹೆಜ್ಜೆಗೂ ದಾರ ಬಿಗಿಯಬೇಕಾ?

ಕಾಲುಚೀಲ:
ಬೇಡ. ಸಡಿಲವಾಗಿಯೇ ಹಾಕುತ್ತಾ ಹೋಗಿ, ನಾಲ್ಕೈದು ಕುಣಿಕೆಗೊಮ್ಮೆ ಸೂಜಿಯ ತುದಿಯಿಂದ ಒಂದೊಂದೇ ಎಳೆ ಎತ್ತಿ ಪಕ್ಕದ ಕುಣಿಕೆಯ ಅಳತೆಗೆ ತನ್ನಿ. ನಡುವೆ ಏಳಬೇಕಾದರೆ ಹಿಂದಿನ ಕಡ್ಡಿಯ ಹೆಜ್ಜೆ ಮುಗಿಸಿಯೇ ಏಳಿ. ಆಗ ಮರಳಿ ಕೂತಾಗ ಎಲ್ಲಿ ಬಿಟ್ಟೆವೆಂದು ಹುಡುಕಬೇಕಿಲ್ಲ, ಮುಂದಿನ ಕಡ್ಡಿಯ ‘ನಿಟ್ ತೆಗಿ’ಯಿಂದಲೇ ಶುರು.