ವಾರದ ಬಿಡುವು: ಓದು ಮೊದಲೋ, ಓಡಾಟ ಮೊದಲೋ, ಗೆಳೆಯರು ಮೊದಲೋ?

ಪ್ರಶ್ನೆ – ಅರ್ಧಪುಟ

ವಾರಕ್ಕೊಮ್ಮೆ ಸಿಗುವ ಬಿಡುವಿನ ದಿನವನ್ನು ಹೇಗೆ ಹಂಚಿಕೊಳ್ಳುವುದು ಸರಿ ಎಂಬುದರ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಕೇಳಬೇಕೆನಿಸಿದೆ. ಆ ಒಂದು ದಿನದ ಮೇಲೆ ನಾನು ಮೂರು ಆಸೆಗಳನ್ನು ಹೇರಿರುತ್ತೇನೆ. ಓದುತ್ತಿರುವ ಕಾದಂಬರಿಯಲ್ಲಿ ಕಡೇಪಕ್ಷ ಒಂದು ಅಧ್ಯಾಯವಾದರೂ ಮುಂದೆ ಹೋಗಬೇಕು. ಬ್ಯಾಂಕಿನಲ್ಲಿ ಒಂದು ಸಹಿ, ಕಿತ್ತುಹೋದ ಚಪ್ಪಲಿಯ ದುರಸ್ತಿ, ಗ್ರಂಥಾಲಯಕ್ಕೆ ಹಿಂದಿರುಗಿಸಬೇಕಾದ ಪುಸ್ತಕ ಎಂದು ವಾರವಿಡೀ ಮುಂದೂಡುತ್ತ ಬಂದ ಹೊರಗಿನ ಕೆಲಸಗಳು ಮುಗಿಯಬೇಕು. ಸಂಜೆ ಗೆಳೆಯರ ಜೊತೆ ಗಡಿಯಾರ ನೋಡದೆ ಕುಳಿತು ಮಾತಾಡಬೇಕು. ಮೂರರಲ್ಲಿ ಯಾವುದೂ ದೊಡ್ಡ ಆಸೆಯಲ್ಲ, ಆದರೂ ಮೂರೂ ಒಟ್ಟಿಗೆ ಕೈಗೂಡಿದ ದಿನ ಬಹಳ ಅಪರೂಪ.

ಸಮಯವೇ ಸಿಗುವುದಿಲ್ಲ ಎಂದು ಹೇಳಿದರೆ ಅದು ಪೂರ್ತಿ ನಿಜವಾಗುವುದಿಲ್ಲ. ಬೆಳಗಿನ ಓಡಾಟ ಮುಗಿದು ಗೆಳೆಯರು ಬರುವ ಮೊದಲು ಒಂದೆರಡು ಗಂಟೆ ಖಾಲಿಯಾಗಿಯೇ ಇರುತ್ತದೆ. ಪುಸ್ತಕ ತೆರೆಯುತ್ತೇನೆ, ಕಣ್ಣು ಸಾಲಿನಿಂದ ಸಾಲಿಗೆ ಇಳಿಯುತ್ತದೆ, ಪುಟದ ಕೊನೆಗೆ ಬಂದಾಗ ಏನು ಓದಿದೆನೆಂದು ಕೇಳಿಕೊಂಡರೆ ಉತ್ತರವಿಲ್ಲ. ತಲೆಯೊಳಗೆ ಆಗದೆ ಉಳಿದ ಕೆಲಸವೊಂದು ಓಡುತ್ತಿರುತ್ತದೆ, ಇಲ್ಲವೇ ಸಂಜೆ ಯಾರು ಎಷ್ಟು ಹೊತ್ತಿಗೆ ಬರುತ್ತಾರೆಂಬ ಲೆಕ್ಕ. ಹೀಗಾಗಿ ನನ್ನ ಪ್ರಶ್ನೆ ಇಷ್ಟು: ಈ ಮೂರಕ್ಕೂ ಒಂದು ಕ್ರಮವಿದೆಯೇ? ಸರತಿಯಲ್ಲಿ ನಿಂತು ಓದುವುದನ್ನು ಓದು ಎನ್ನಬಹುದೇ? ‘ಇವತ್ತು ಓದುತ್ತೇನೆ, ಬರಲಾರೆ’ ಎಂದು ಗೆಳೆಯರಿಗೆ ಹೇಳುವುದು ಅಗೌರವವೇ? ಕೊನೆಯದನ್ನು ಕೇಳಲು ಸಂಕೋಚವಾಗುತ್ತದೆ. ಆರೋಗ್ಯ ಸರಿಯಿಲ್ಲವೆಂದರೆ ಯಾರೂ ಬೇಸರಿಸುವುದಿಲ್ಲ, ಪುಸ್ತಕವೆಂದರೆ ಮಾತ್ರ ಅದೊಂದು ನೆಪದಂತೆ ಕೇಳಿಸುತ್ತದೆ.

ಉತ್ತರ – ಬೆಳಗಿನ ಓದುಗ

ನಿಮ್ಮ ಎರಡನೆಯ ಪ್ಯಾರಾದಲ್ಲಿಯೇ ಅರ್ಧ ಉತ್ತರವಿದೆ. ಮುಗಿಯದೆ ಉಳಿದ ಕೆಲಸಗಳು ಮುಗಿದ ಕೆಲಸಗಳಿಗಿಂತ ಹೆಚ್ಚಾಗಿ ನೆನಪಿನಲ್ಲಿ ನಿಲ್ಲುತ್ತವೆ ಎಂದು ಮನೋವಿಜ್ಞಾನಿ ಬ್ಲೂಮಾ ಜೈಗಾರ್ನಿಕ್ 1927ರಲ್ಲಿ ಬರೆದಿದ್ದರು. ಆಮೇಲೆ ನಡೆದ ಪ್ರಯೋಗಗಳೆಲ್ಲ ಅದನ್ನು ಒಂದೇ ರೀತಿಯಲ್ಲಿ ಸಮರ್ಥಿಸಿಲ್ಲವಾದರೂ, ನಿಮ್ಮ ಸಮಸ್ಯೆಗೆ ಇನ್ನೂ ಹತ್ತಿರವಾದ ಒಂದು ಅಧ್ಯಯನವಿದೆ. 2011ರಲ್ಲಿ ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಇಬ್ಬರು ಸಂಶೋಧಕರು, ಬಾಕಿ ಉಳಿದ ಕೆಲಸಗಳನ್ನು ಜನರಿಗೆ ನೆನಪಿಸಿ, ಅನಂತರ ಅದಕ್ಕೆ ಸಂಬಂಧವೇ ಇಲ್ಲದ ಬರಹವೊಂದನ್ನು ಓದಲು ಕೊಟ್ಟರು. ಓದುವಾಗ ಆ ಕೆಲಸಗಳು ಕರೆಯದೆ ಬಂದು ಅವರ ತಲೆಯಲ್ಲಿ ಸುಳಿದಾಡಿದವು. ಆದರೆ ಕೆಲಸವನ್ನು ಹೇಗೆ ಮಾಡುತ್ತೇವೆಂದು ಮೊದಲೇ ಖಚಿತವಾಗಿ ಯೋಜಿಸಿಕೊಂಡವರಿಗೆ ಆ ಕಾಟ ಇರಲಿಲ್ಲ. ಗಮನಿಸಬೇಕಾದದ್ದೆಂದರೆ ಅವರು ಕೆಲಸವನ್ನು ಮಾಡಿ ಮುಗಿಸಿರಲಿಲ್ಲ, ತೀರ್ಮಾನ ಮಾಡಿಕೊಂಡಿದ್ದರು, ಅಷ್ಟೆ.

ಆದ್ದರಿಂದ ಪಟ್ಟಿಯಲ್ಲಿ ‘ಬ್ಯಾಂಕು’ ಎಂದು ಬರೆದರೆ ಸಾಲದು. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕಾಗದಪತ್ರಗಳ ಜೊತೆಗೆ ಎಂಬುದನ್ನೂ ಬರೆಯಿರಿ. ಬರೆದು ಮುಗಿಸಿದ ಮೇಲೆ ಪಟ್ಟಿಯನ್ನು ಕಣ್ಣಿಗೆ ಬೀಳದಲ್ಲಿ ಇಟ್ಟು ಓದಲು ಕುಳಿತುಕೊಳ್ಳಿ.

ಇನ್ನು ಕ್ರಮದ ಮಾತು. ಓದು ಮೊದಲು, ಓಡಾಟ ಆಮೇಲೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಲಸವು ತನಗೆ ಸಿಕ್ಕ ಸಮಯವನ್ನೆಲ್ಲ ತುಂಬುವಷ್ಟು ಹಿಗ್ಗುತ್ತದೆ ಎಂದು ಬ್ರಿಟಿಷ್ ಲೇಖಕ ಪಾರ್ಕಿನ್‌ಸನ್ 1955ರಲ್ಲಿ ಒಂದು ಹಾಸ್ಯ ಪ್ರಬಂಧ ಬರೆದರಲ್ಲ, ಅದರಲ್ಲಿ ಬರುವ ಮೊದಲ ಉದಾಹರಣೆ ಕಚೇರಿಯದ್ದಲ್ಲ. ಮಾಡಲು ಬೇರೇನೂ ಇಲ್ಲದ ವೃದ್ಧೆಯೊಬ್ಬರು ಒಂದು ಅಂಚೆ ಕಾರ್ಡು ಬರೆದು ಕಳಿಸುವುದರಲ್ಲಿ ಇಡೀ ದಿನ ಕಳೆಯುವ ಪ್ರಸಂಗ ಅದು. ಹೊರಗಿನ ಕೆಲಸಗಳ ಸ್ವಭಾವವೂ ಹೀಗೆಯೇ. ಬೆಳಗ್ಗೆಯೇ ಹೊರಟರೆ ಅವು ಮಧ್ಯಾಹ್ನದವರೆಗೂ ಚಾಚಿಕೊಳ್ಳುತ್ತವೆ, ಹನ್ನೊಂದಕ್ಕೆ ಹೊರಟರೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮುಗಿಯುತ್ತವೆ. ಓದಿಗೆ ಈ ಗುಣವಿಲ್ಲ. ಅದಕ್ಕೆ ಉಳಿದ ಸಮಯ ಕೊಡುತ್ತೇನೆಂದರೆ ಅದು ಜಗಳವಾಡದೆ ಹಿಂದೆ ಸರಿದುಬಿಡುತ್ತದೆ. ಜೊತೆಗೆ, ಕೆಲಸಕ್ಕೆ ಎಷ್ಟು ಸಮಯ ಬೇಕಾದೀತೆಂದು ಊಹಿಸುವುದರಲ್ಲಿ ಮನುಷ್ಯರು ತೀರಾ ಆಶಾವಾದಿಗಳು. 1994ರ ಒಂದು ಅಧ್ಯಯನದಲ್ಲಿ ತಮ್ಮ ಪ್ರಬಂಧವನ್ನು ಸರಾಸರಿ 34 ದಿನಗಳಲ್ಲಿ ಮುಗಿಸುತ್ತೇವೆಂದು ಅಂದಾಜಿಸಿದ್ದ ವಿದ್ಯಾರ್ಥಿಗಳಿಗೆ ನಿಜವಾಗಿ ಹಿಡಿದದ್ದು ಸುಮಾರು 55 ದಿನ. ‘ಓಡಾಟ ಬೇಗ ಮುಗಿಸಿ ಬಂದು ಓದುತ್ತೇನೆ’ ಎನ್ನುವವರ ಲೆಕ್ಕವೂ ಇಂಥದ್ದೇ.

ಉತ್ತರ – ಸರತಿಯಲ್ಲಿ ಎರಡನೆಯವ

ಮೇಲಿನವರ ಮಾತಿಗೆ ನನ್ನ ತಕರಾರಿದೆ. ಬೆಳಗ್ಗೆ ಓದುವುದು ಕೇಳಲು ಚೆನ್ನಾಗಿದೆ, ಆದರೆ ಕಚೇರಿಯ ಕೌಂಟರುಗಳು ನಮ್ಮ ಅಧ್ಯಾಯ ಮುಗಿಯುವವರೆಗೆ ತೆರೆದಿರುವುದಿಲ್ಲ. ಬಾಗಿಲು ಮುಚ್ಚುವ ಹೊತ್ತು ಗೊತ್ತಿರುವ ಕೆಲಸಗಳನ್ನು ಮೊದಲು ಮುಗಿಸಲೇಬೇಕು. ಅವುಗಳಿಗೆ ಒಂದು ಗಡಿ ಹಾಕಿಕೊಂಡು, ಆ ಹೊತ್ತಾದ ಮೇಲೆ ಉಳಿದದ್ದನ್ನು ಮುಂದಿನ ವಾರಕ್ಕೆ ಬಿಟ್ಟು ಮನೆಗೆ ಬರುವ ಗಟ್ಟಿತನವಿದ್ದರೆ ಪಾರ್ಕಿನ್‌ಸನ್ನರ ವೃದ್ಧೆ ನಮ್ಮನ್ನು ಕಾಡುವುದಿಲ್ಲ.

ಸರತಿಯಲ್ಲಿ ಓದುವುದು ಓದೇ. ಆದರೆ ಅಲ್ಲಿ ಏನನ್ನು ಓದುತ್ತೀರಿ ಎಂಬುದು ಮುಖ್ಯ. ದೊಡ್ಡ ಕಾದಂಬರಿಯನ್ನು ಅಲ್ಲಿಗೆ ಒಯ್ಯಬೇಡಿ. ಎರಡು ಪುಟದ ಪ್ರಬಂಧ, ಒಂದು ಕವಿತೆ, ಅಂಕಣ ಬರಹ, ಹೀಗೆ ಎಲ್ಲಿ ನಿಂತರೂ ನಷ್ಟವಾಗದ ಪುಸ್ತಕವೊಂದನ್ನು ಚೀಲದಲ್ಲಿ ಖಾಯಂ ಇಟ್ಟುಕೊಳ್ಳಿ. ಮನೆಯ ಪುಸ್ತಕ ಬೇರೆ, ಚೀಲದ ಪುಸ್ತಕ ಬೇರೆ.

ಉತ್ತರ – ಹರಟೆಪ್ರಿಯೆ

ಇಬ್ಬರೂ ಗೆಳೆಯರ ವಿಷಯವನ್ನು ಮುಟ್ಟಲೇ ಇಲ್ಲ! ನನ್ನ ಮಟ್ಟಿಗೆ ಈ ಮೂರರಲ್ಲಿ ಅದೇ ಕಷ್ಟದ್ದು. ಪುಸ್ತಕ ಕಾಯುತ್ತದೆ, ಬಾಕಿ ಕೆಲಸ ಕಾಯುತ್ತದೆ, ಎಂದೂ ಸಿಗದ ಗೆಳೆಯರು ಮಾತ್ರ ಸದ್ದಿಲ್ಲದೆ ಪರಿಚಿತರಾಗಿ ಉಳಿದುಬಿಡುತ್ತಾರೆ.

ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಪರಿಚಯವೊಂದು ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ಗೆಳೆತನವೆಂದು ಧೈರ್ಯವಾಗಿ ಹೇಳಲು ಸುಮಾರು 90 ಗಂಟೆ, ಆಪ್ತರಾಗಲು 200 ಗಂಟೆಗೂ ಹೆಚ್ಚು ಸಮಯ ಜೊತೆಯಲ್ಲಿ ಕಳೆಯಬೇಕಾಗುತ್ತದೆ. ಆ ಅಂಕಿಗಳನ್ನು ನಾನು ತಕ್ಕಡಿಯಲ್ಲಿಟ್ಟು ತೂಗುವುದಿಲ್ಲ. ಆದರೆ ಅದರಲ್ಲಿನ ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ಒಂದೇ ಕಡೆ ದುಡಿಯುತ್ತ ಕಳೆದ ಗಂಟೆಗಳು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲವಂತೆ, ಇಬ್ಬರೂ ಮನಸಾರೆ ಆರಿಸಿಕೊಂಡು ಒಟ್ಟಿಗೆ ಕಳೆದ ಬಿಡುವಿನ ಗಂಟೆಗಳೇ ಹತ್ತಿರ ತರುತ್ತವಂತೆ. ಪಕ್ಕದ ಮೇಜಿನವರನ್ನು ವರ್ಷಗಟ್ಟಲೆ ನೋಡುತ್ತಿದ್ದರೂ ಅವರ ಮನೆಯ ಸುದ್ದಿ ನಮಗೆ ತಿಳಿಯದಿರುವುದು ಇದರಿಂದಲೇ ಇರಬೇಕು.

ಅರ್ಧಪುಟ ಅವರೇ, ನೀವು ಗೆಳೆಯರನ್ನು ದಿನದ ತುದಿಯಲ್ಲಿ ಒಂದು ಕಾರ್ಯಕ್ರಮದಂತೆ ಇರಿಸಿಕೊಂಡಿದ್ದೀರಿ. ಓಡಾಟಕ್ಕೇ ಅವರನ್ನು ಏಕೆ ಕರೆಯಬಾರದು? ನನ್ನ ಗೆಳತಿಗೆ ಅಂಚೆ ಕಚೇರಿಯಲ್ಲಿ ಕೆಲಸವಿರುತ್ತದೆ, ನನಗೆ ಅದರ ಆಚೆ ಬೀದಿಯಲ್ಲಿ ಕೈಗಡಿಯಾರದ ದುರಸ್ತಿ. ಇಬ್ಬರೂ ಜೊತೆಯಾಗಿ ನಡೆಯುತ್ತೇವೆ. ಮುಖಾಮುಖಿ ಕುಳಿತಾಗ ಹೊರಬಾರದ ಎಷ್ಟೋ ಮಾತುಗಳು ಹೀಗೆ ಅಕ್ಕಪಕ್ಕ ನಡೆಯುವಾಗ, ಇಲ್ಲವೇ ನಮ್ಮ ಸರದಿಗಾಗಿ ಬೆಂಚಿನ ಮೇಲೆ ಕಾಯುವಾಗ ತಾವಾಗಿಯೇ ಬರುತ್ತವೆ. ಕೆಲಸವೂ ಆಯಿತು, ಭೇಟಿಯೂ ಆಯಿತು, ಸಂಜೆ ಪೂರ್ತಿ ಪುಸ್ತಕಕ್ಕೆ ಉಳಿಯಿತು. ಎಲ್ಲ ಗೆಳೆಯರೂ ಇದಕ್ಕೆ ಒಗ್ಗುವುದಿಲ್ಲ, ಒಪ್ಪುತ್ತೇನೆ. ಕೆಲವರಿಗೆ ಕೂತೇ ಮಾತಾಡಬೇಕು.

ಬರಲಾರೆ ಎನ್ನುವುದರ ಬಗ್ಗೆ: ಅದು ಅಗೌರವವಲ್ಲ. ಆದರೆ ‘ಇವತ್ತು ಬರಲಾರೆ’ ಎಂದಷ್ಟೇ ಹೇಳಿ ನಿಲ್ಲಿಸಿದರೆ ಎದುರಿನವರಿಗೆ ಬಾಗಿಲು ಮುಚ್ಚಿದಂತೆ ಆಗುತ್ತದೆ. ‘ಇವತ್ತು ಓದಿನಲ್ಲಿದ್ದೇನೆ, ಬುಧವಾರ ಸಂಜೆ ಸಿಗೋಣವೇ?’ ಎಂದು ಅದೇ ಉಸಿರಿನಲ್ಲಿ ಇನ್ನೊಂದು ದಿನವನ್ನು ಮುಂದಿಡಿ, ಮತ್ತು ಆ ದಿನ ತಪ್ಪದೆ ಹೋಗಿ. ಎರಡನೆಯ ಸಲವೂ ಮುಂದೂಡಿದರೆ ಅದನ್ನು ನೆಪವೆಂದು ತಿಳಿಯುವ ಹಕ್ಕು ಅವರಿಗಿದೆ.

ಮರುಪ್ರಶ್ನೆ – ಅರ್ಧಪುಟ

ಎಲ್ಲರಿಗೂ ಧನ್ಯವಾದಗಳು. ಓಡಾಟಕ್ಕೆ ಗೆಳೆಯರನ್ನು ಕರೆಯುವ ಯೋಚನೆ ನನಗೆ ಹೊಳೆದೇ ಇರಲಿಲ್ಲ, ಅದನ್ನು ಖಂಡಿತ ಮಾಡಿ ನೋಡುತ್ತೇನೆ. ಆದರೆ ಒಂದು ತೊಡಕು ಹಾಗೆಯೇ ಉಳಿಯುತ್ತದೆ. ಓದುತ್ತಿರುವಾಗ ಯಾರಾದರೂ ಬಂದು, ಅವರು ಹೋದ ಮೇಲೆ ಪುಸ್ತಕಕ್ಕೆ ಮರಳಿದರೆ ಕತೆಯ ಎಳೆ ಕೈಗೆ ಸಿಗುವುದಿಲ್ಲ. ಹಿಂದಿನ ಹಲವು ಪುಟಗಳನ್ನು ಮತ್ತೆ ತಿರುವಬೇಕು, ಅಷ್ಟರಲ್ಲಿ ನಿದ್ದೆಯ ಹೊತ್ತು. ಹೀಗೆ ತುಂಡುತುಂಡಾಗಿ ಓದಿದರೆ ದೊಡ್ಡ ಪುಸ್ತಕವೊಂದು ಎಂದಾದರೂ ಮುಗಿಯುತ್ತದೆಯೇ?

ಉತ್ತರ – ನಿಧಾನಗತಿ

ಮುಗಿಯುತ್ತದೆ. ಲೆಕ್ಕ ಹಾಕಿದರೆ ನಾವು ಹೆದರಿಕೊಂಡಷ್ಟು ದೊಡ್ಡದೇನಲ್ಲ. ಓದಿನ ವೇಗದ ಬಗ್ಗೆ ನಡೆದಿದ್ದ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಮಾರ್ಕ್ ಬ್ರಿಸ್ಬಾರ್ಟ್ ಎಂಬ ಸಂಶೋಧಕರು 2019ರಲ್ಲಿ ಕೊಟ್ಟ ಅಂದಾಜಿನಂತೆ, ಇಂಗ್ಲಿಷ್ ಓದುವ ವಯಸ್ಕರು ಕತೆಯಲ್ಲದ ಬರಹವನ್ನು ಮನಸ್ಸಿನಲ್ಲಿಯೇ ಓದಿಕೊಳ್ಳುವಾಗ ನಿಮಿಷಕ್ಕೆ ಸರಾಸರಿ 238 ಪದಗಳನ್ನು ದಾಟುತ್ತಾರೆ. ಕತೆ ಕಾದಂಬರಿಯಾದರೆ ಸುಮಾರು 260. ಪುಟಕ್ಕೆ 250 ಪದಗಳಂತೆ 300 ಪುಟಗಳ ಕಾದಂಬರಿಯೆಂದರೆ 75,000 ಪದ, ಅಂದರೆ ಐದು ಗಂಟೆಯೂ ಬೇಕಾಗುವುದಿಲ್ಲ. ವಿಭಕ್ತಿ, ಪ್ರತ್ಯಯಗಳೆಲ್ಲ ಅಂಟಿಕೊಂಡು ಉದ್ದವಾಗುವ ಕನ್ನಡದ ಪದಗಳಿಗೆ ಈ ಅಂಕಿ ನೇರವಾಗಿ ಒಪ್ಪುವುದಿಲ್ಲ, ಆದರೆ ನಮ್ಮಲ್ಲಿ ಅಷ್ಟೇ ಕತೆಯನ್ನು ಹೇಳಲು ಪದಗಳೂ ಕಡಿಮೆ ಸಾಕು. ಸಮಯವನ್ನು ಇಮ್ಮಡಿ ಮಾಡಿಕೊಂಡೇ ಲೆಕ್ಕ ಹಾಕಿ, ದಿನಕ್ಕೆ ಅರ್ಧ ಗಂಟೆ ಓದಿದರೂ ಮೂರು ವಾರದೊಳಗೆ ಪುಸ್ತಕ ಮುಗಿಯುತ್ತದೆ.

ಹಾಗಾಗಿ ಒಟ್ಟು ಸಮಯ ನಿಮ್ಮ ಕೊರತೆಯಲ್ಲ. ಅಡ್ಡಿಯಾಗುತ್ತಿರುವುದು ಮರಳಿ ಒಳಹೋಗುವ ದಾರಿ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನದರಲ್ಲಿಯೇ ಸಿಕ್ಕಿಕೊಂಡಿರುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದರು. ಎದ್ದು ಹೋಗುವ ಮೊದಲು ‘ಎಲ್ಲಿದ್ದೇನೆ, ಮರಳಿ ಬಂದಾಗ ಏನು ಮಾಡಬೇಕು’ ಎಂದು ಒಂದು ನಿಮಿಷ ಗುರುತು ಹಾಕಿಕೊಂಡರೆ ಆ ಸೆಳೆತ ಕಡಿಮೆಯಾಗುತ್ತದೆಂದು ಅವರದೇ ಮುಂದಿನ ಅಧ್ಯಯನ ಹೇಳುತ್ತದೆ. ಅದು ಕಚೇರಿ ಕೆಲಸದ ಕುರಿತಾದದ್ದು, ಆದರೆ ಕಾದಂಬರಿಗೂ ಒಗ್ಗುತ್ತದೆ. ಗೆಳೆಯರು ಬಂದಾಗ ಪುಟದ ಗುರುತಿಗೆಂದು ಇಟ್ಟ ಚೀಟಿಯ ಮೇಲೆ ಪೆನ್ಸಿಲಿನಿಂದ ಒಂದು ಸಾಲು ಬರೆಯಿರಿ: ಯಾರು ಎಲ್ಲಿದ್ದಾರೆ, ಯಾವ ಮಾತು ಅರ್ಧಕ್ಕೆ ನಿಂತಿದೆ, ಮುಂದೇನಾಗಬಹುದೆಂದು ನಿಮಗೆ ಅನಿಸುತ್ತಿದೆ. ಬಂದವರೂ ಅಷ್ಟು ಹೊತ್ತು ಕಾಯುತ್ತಾರೆ. ಅಧ್ಯಾಯದ ಕೊನೆಯಲ್ಲಿಯೇ ನಿಲ್ಲಿಸಬೇಕೆಂಬ ಹಟವನ್ನೂ ಬಿಡಿ. ಘಟನೆಯ ನಡುವೆ ನಿಂತ ಓದು ಮರಳಿ ಹಿಡಿಯಲು ಸುಲಭ, ಹೊಸ ಅಧ್ಯಾಯದಲ್ಲಾದರೆ ಹೊಸ ಜಾಗ, ಹೊಸ ಮುಖಗಳಿಂದ ಶುರುಮಾಡಬೇಕು.

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಪರ ನಿಲ್ಲುತ್ತೇನೆ. ಎಷ್ಟೇ ಜಾಣತನದಿಂದ ತುಂಡುಗಳನ್ನು ಜೋಡಿಸಿದರೂ ಇಡಿಯಾದ ಬಿಡುವಿಗೆ ಬೇರೆಯದೇ ಬೆಲೆ. ಕಾರ್ಖಾನೆಯ ದುಡಿಮೆಗಾರರ ವಾರದ ರಜೆಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1921ರಲ್ಲಿ ಒಪ್ಪಂದ ಮಾಡಿದಾಗ, ಏಳು ದಿನಗಳಲ್ಲಿ ಒಟ್ಟು 24 ಗಂಟೆ ಎಂದು ಬರೆದು ಬಿಡಲಿಲ್ಲ. ಆ 24 ಗಂಟೆಗಳು ಒಂದರ ಹಿಂದೊಂದು ಎಡೆಬಿಡದೆ ಬರಬೇಕೆಂದು ಸ್ಪಷ್ಟವಾಗಿ ಹೇಳಿತು. ದಿನಕ್ಕೆ ಮೂರೂವರೆ ಗಂಟೆಯಂತೆ ಹಂಚಿದರೂ ಮೊತ್ತ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ, ಆದರೆ ಅದನ್ನು ಯಾರೂ ರಜೆಯೆಂದು ಕರೆಯುವುದಿಲ್ಲ. ಹಾಗಾಗಿ ತಿಂಗಳಿಗೊಮ್ಮೆಯಾದರೂ ಓಡಾಟವಾಗಲಿ ಭೇಟಿಯಾಗಲಿ ಇಲ್ಲದ ಒಂದು ಮಧ್ಯಾಹ್ನವನ್ನು ಪೂರ್ತಿಯಾಗಿ ಕಾದಂಬರಿಗೆ ಕಟ್ಟಿಡಿ.

ಉತ್ತರ – ಬೆಳಗಿನ ಓದುಗ

ನಿಧಾನಗತಿ ಅವರ ಚೀಟಿಯ ಉಪಾಯ ನನಗೂ ಬೇಕಾಗಿತ್ತು. ಸರತಿಯವರ ತಕರಾರನ್ನೂ ಅರ್ಧ ಒಪ್ಪುತ್ತೇನೆ; ಕೌಂಟರು ಮುಚ್ಚುವ ಕೆಲಸಗಳು ಮೊದಲು, ಯಾವಾಗ ಬೇಕಾದರೂ ಆಗುವ ಕೆಲಸಗಳು ಓದಿನ ಅನಂತರ ಎಂದು ತಿದ್ದಿಕೊಳ್ಳೋಣ. ಕವಿತೆಯನ್ನು ಸರತಿಗೆ ಒಯ್ಯುವುದನ್ನು ಮಾತ್ರ ಒಪ್ಪಲಾರೆ. ಪುಟ ಚಿಕ್ಕದೆಂದ ಮಾತ್ರಕ್ಕೆ ಅದು ಕಡಿಮೆ ಗಮನದಲ್ಲಿ ಮುಗಿಯುವುದಿಲ್ಲ, ನಾಲ್ಕು ಸಾಲನ್ನು ನಾಲ್ಕು ಸಲ ಓದಬೇಕಾಗುತ್ತದೆ.

ಉತ್ತರ – ಸರತಿಯಲ್ಲಿ ಎರಡನೆಯವ

ನಾಲ್ಕು ಸಲ ಓದುವಷ್ಟು ಹೊತ್ತು ನಿಲ್ಲಿಸುವ ಸರತಿಗಳನ್ನು ನೀವು ನೋಡಿಲ್ಲವೆಂದು ಕಾಣುತ್ತದೆ.