ಸ್ಮಾರಕದ ಕಲ್ಲಿನ ಮೇಲೆ ‘ಹುತಾತ್ಮ’, ‘ವೀರಮರಣ’, ‘ತರಬೇತಿ ಪೈಲಟ್’

ಚಿಂತಾಮಣಿಯಿಂದ ಪ್ರಶ್ನೆ:
ವಾಯುಪಡೆಗೆ ಸೇರಿ, ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದಾಗಲೇ ಅಪಘಾತದಲ್ಲಿ ತೀರಿಹೋದ ಹುಡುಗನಿಗೆ ಊರಿನವರು ಕಲ್ಲು ನಿಲ್ಲಿಸುತ್ತಿದ್ದಾರೆ. ಬರಹದ ಕರಡು: ‘ವೀರಮರಣವನ್ನಪ್ಪಿದ ಹುತಾತ್ಮ ಜವಾನ, ತರಬೇತಿ ಪೈಲಟ್ ದಿವಂಗತ...’. ಯುದ್ಧವೇ ಇಲ್ಲದೆ ‘ಹುತಾತ್ಮ’ ಹೇಗೆ ಎಂದು ಕೆಲವರ ತಕರಾರು. ಕಲ್ಲು ಶಿವಾರಪಟ್ಟಣದಲ್ಲಿ ಕೆತ್ತನೆಗೆ ಕೂರುವ ಮುಂಚೆ ತಿಳಿದವರು ಹೇಳಬೇಕು.

ಕೋಲಾರದಿಂದ ಉತ್ತರ:
‘ಹುತಾತ್ಮ’ ಇರಲಿ, ‘ವೀರಮರಣ’ ತೆಗೆಯಿರಿ. ಹುತ ಎಂದರೆ ಅಗ್ನಿಗೆ ಅರ್ಪಿಸಿದ್ದು. ಹೋಮ, ಹವಿಸ್ಸು, ಆಹುತಿ ಎಲ್ಲ ಅದೇ ‘ಹು’ ಧಾತುವಿನ ಮಕ್ಕಳು. ತನ್ನನ್ನೇ ಅರ್ಪಿಸಿಕೊಂಡವನು ಹುತಾತ್ಮ. ಶತ್ರುವಾಗಲಿ ರಣರಂಗವಾಗಲಿ ಆ ಪದದೊಳಗೆ ಇಲ್ಲ. ‘ವೀರಮರಣ’ಕ್ಕೆ ಮಾತ್ರ ಕಾಳಗ ಅಂಟಿಕೊಂಡಿದೆ.

2022ರಲ್ಲಿ ಭೂಸೇನೆ, ಹುತಾತ್ಮನಿಗೆ ಇಂಗ್ಲಿಷಿನಲ್ಲಿ ಹೇಳುವ ‘ಮಾರ್ಟರ್’ ಪದ ಬಳಸಬೇಡಿ ಎಂದು ತನ್ನವರಿಗೆ ಪತ್ರ ಬರೆದದ್ದನ್ನು ತಕರಾರಿನವರು ಮುಂದೊಡ್ಡಬಹುದು. ಆ ಪದದ ಬೇರು ಗ್ರೀಕಿನ ‘ಸಾಕ್ಷಿ’, ಧರ್ಮಕ್ಕಾಗಿ ಸತ್ತವನು ಎಂಬ ಅರ್ಥ ಆಮೇಲೆ ಬೆಳೆದದ್ದು. ಹಿಂದಿಯ ‘ಶಹೀದ್’ ಪದವೂ ಅರಬ್ಬಿಯ ಸಾಕ್ಷಿಯಿಂದಲೇ ಬಂದದ್ದು. ನಮ್ಮ ಪದದ ಹುಟ್ಟೇ ಬೇರೆ, ಆ ಆಕ್ಷೇಪ ಇದಕ್ಕೆ ತಾಗದು. ಆದರೆ ಒಂದು ಮಾತು: ಸೇನೆಯ ಕಡತಗಳಲ್ಲಿ ‘ಹುತಾತ್ಮ’ ಎಂಬ ವರ್ಗವೇ ಇಲ್ಲ. ಅಲ್ಲಿ ಇರುವುದು ‘ಬ್ಯಾಟಲ್ ಕ್ಯಾಷುಯಲ್ಟಿ’ (ಕಾಳಗದ ಸಾವುನೋವು), ‘ಫಿಸಿಕಲ್ ಕ್ಯಾಷುಯಲ್ಟಿ’ (ಕಾಳಗದ ಹೊರಗಿನ ಸಾವುನೋವು). ತರಬೇತಿಯ ಅಪಘಾತ ಸಾಮಾನ್ಯವಾಗಿ ಎರಡನೆಯದಕ್ಕೆ ಸೇರುತ್ತದೆ. ಪಿಂಚಣಿ ಕಾಗದಕ್ಕೂ ಕಲ್ಲಿನ ಬರಹಕ್ಕೂ ಗಂಟು ಹಾಕಬೇಡಿ.

ಕಾಳಗವಿಲ್ಲದೆ ಕಲ್ಲು ನಿಲ್ಲಿಸುವುದು ನಮಗೆ ಹೊಸದೂ ಅಲ್ಲ. 10ನೇ ಶತಮಾನದ ಆತಕೂರು ಕಲ್ಲಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಸ್ಮರಣೆಯಿದೆ. ಹಳೆಯ ವೀರಗಲ್ಲುಗಳ ‘ಇಱಿದು ಸತ್ತ’ (ಹೋರಾಡಿ ಸತ್ತ) ಎಂಬ ಮಾತಿನ ಬಿಗುವು ನೋಡಿ: ಏನು ಮಾಡುತ್ತ ಸತ್ತನೆಂದು ಎರಡೇ ಪದ. ನಿಮ್ಮ ಕರಡಿನಲ್ಲಿ ವಿಶೇಷಣಗಳ ಸಂತೆಯಿದೆ, ಹುಡುಗ ಏನು ಮಾಡುತ್ತಿದ್ದ ಎಂಬುದೇ ಇಲ್ಲ.

ನಿಜವಾದ ತೊಡಕು ‘ತರಬೇತಿ ಪೈಲಟ್’. ಕಲಿಸುವವನೋ ಕಲಿಯುವವನೋ? ಪತ್ರಿಕೆಗಳಲ್ಲಿ ಎರಡೂ ಅರ್ಥಕ್ಕೆ ಓಡಾಡುತ್ತಿದೆ. ಇಬ್ಬರೂ ಕೂತ ವಿಮಾನ ಬಿದ್ದಾಗ ಓದುಗ ಗೊಂದಲಕ್ಕೆ ಬೀಳುತ್ತಾನೆ. ಕಲಿಸುವವರು ‘ಬೋಧಕ’ ಅಥವಾ ‘ತರಬೇತುದಾರ’. ಕಲಿಯುವವರಿಗೆ ದರ್ಜೆಯನ್ನೇ ಬರೆಯಿರಿ. ಹೈದರಾಬಾದಿನ ಹತ್ತಿರದ ದುಂಡಿಗಲ್ ವಾಯುಪಡೆ ಅಕಾಡೆಮಿಯಲ್ಲಿ ಪಿಲಾಟಸ್ ವಿಮಾನದಲ್ಲಿ ಮೊದಲ ಪಾಠ ಕಲಿಯುವವರು ‘ಫ್ಲೈಟ್ ಕೆಡೆಟ್’. ಪದವಿ ಪಥಸಂಚಲನ ಮುಗಿಸಿ ಬೀದರಿನಲ್ಲಿ ಹಾಕ್ ಜೆಟ್ ವಿಮಾನ ಹಾರಿಸಲು ಕಲಿಯುವವರು ಆಗಲೇ ‘ಫ್ಲೈಯಿಂಗ್ ಆಫೀಸರ್’. ಮನೆಯವರಲ್ಲಿರುವ ಪತ್ರ ನೋಡಿ ಖಚಿತ ಮಾಡಿಕೊಳ್ಳಿ.

‘ಹಾರಾಟ ತರಬೇತಿ’, ‘ತರಬೇತಿ ಹಾರಾಟ’ ಕೂಡ ಒಂದಲ್ಲ. ಮೊದಲನೆಯದು ಹಾರಿಸಲು ಕಲಿಯುವುದು. ಎರಡನೆಯದು ಅಭ್ಯಾಸಕ್ಕಾಗಿ ಏರುವ ಒಂದು ಸರದಿ, ಪಳಗಿದ ಪೈಲಟ್ಟೂ ಏರುತ್ತಾನೆ. ‘ಜವಾನ’ ಬೇಡವೇ ಬೇಡ. ಕನ್ನಡದಲ್ಲಿ ಅವನು ಕಚೇರಿಯಲ್ಲಿ ಕಡತ ಹೊರುವವನು, ಸೇನೆಯಲ್ಲೂ ಕೆಡೆಟ್ಟನ್ನು ಹಾಗೆ ಕರೆಯುವುದಿಲ್ಲ. ‘ಹುತಾತ್ಮ’ದ ಜೊತೆಗೆ ‘ದಿವಂಗತ’ವೂ ಹೆಚ್ಚು.

ತುಮಕೂರಿನಿಂದ ಸೇರ್ಪಡೆ:
‘ವಿಮಾನ ಪತನ’ಕ್ಕಿಂತ ‘ವಿಮಾನ ಅಪಘಾತ’ ಲೇಸು. ಸಂಸ್ಕೃತದ ‘ಪತ್’ ಧಾತುವಿಗೆ ಹಾರು, ಬೀಳು ಎರಡೂ ಅರ್ಥ, ಪತಂಗ ಬಂದದ್ದೂ ಅಲ್ಲಿಂದಲೇ. ಆದರೆ ಕನ್ನಡದ ಕಿವಿಗೆ ಪತನ ಎಂದರೆ ಅಧಃಪತನದ ನೆರಳು.

ಕೆತ್ತುವವರಿಗೆ ಕೈಬರಹ ಕೊಡಬೇಡಿ, ಅಚ್ಚು ಮಾಡಿದ ಹಾಳೆ ಕೊಡಿ. ‘ಹುತಾತ್ಮ’ ಹಲವು ಕಡೆ ‘ಹುತ್ಮಾತ’ ಆಗಿಬಿಟ್ಟಿರುತ್ತದೆ. ‘ತ್ಮ’, ‘ಫ್ಲೈ’ಗಳ ಒತ್ತು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಜಾಗ ಬಿಡಿಸಿ. ಬಹುವಚನ ಹಿಡಿದರೆ ಕೊನೆಯವರೆಗೂ ಬಹುವಚನವೇ ಇರಲಿ. ಕೆಡೆಟ್ ಆಗಿದ್ದರೆ ಇಷ್ಟು ಸಾಕು:

ಫ್ಲೈಟ್ ಕೆಡೆಟ್ (ಹೆಸರು)
ಭಾರತೀಯ ವಾಯುಪಡೆ
(ಜನನ ದಿನಾಂಕ, ಊರು)
ಹಾರಾಟ ಕಲಿಯುತ್ತಿದ್ದಾಗ (ಸ್ಥಳ, ದಿನಾಂಕ)
ವಿಮಾನ ಅಪಘಾತದಲ್ಲಿ ಹುತಾತ್ಮರಾದರು