ಆ್ಯಡೆಡ್ ಮಾಸ್‌ಗೆ ‘ಹೊರೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಹಿಗ್ಗುವ ರಕ್ತನಾಳದೊಳಗೆ ರಕ್ತ ಹರಿಯುವ ಸಿಮ್ಯುಲೇಶನ್ ಕೆಟ್ಟರೆ ಏನು ಮಾಡಬೇಕು ಅನ್ನೋದು ವಿಷಯ. ‘ಹಿಗ್ಗುವ’ ಅನ್ನೋ ಕಡೆ ಮೊದಲು ‘ನಮ್ಯ’ ಅಂತ ಬರೆದಿದ್ದೆ, ಹೊಡೆದು ಹಾಕಿದೆ. ನಮ್ಯ ಅಂದರೆ ಬಾಗೋದು, ಬಳುಕೋದು. ನಾಳ ಹಿಗ್ಗುತ್ತದೆ, ಕುಗ್ಗುತ್ತದೆ. ಅಷ್ಟು ಸಾಕು. ನಾನು ಸಿಕ್ಕಿಕೊಂಡಿರುವುದು ಇನ್ನೊಂದು ಪದದಲ್ಲಿ, ಆ್ಯಡೆಡ್ ಮಾಸ್ ಅನ್ನೋದಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ.

ಹೋದ ವಾರ ಒಬ್ಬ ಹುಡುಗಿ ಲ್ಯಾಪ್‌ಟಾಪ್ ತಂದು ಇಂಥದ್ದೇ ಸಿಮ್ಯುಲೇಶನ್ ತೋರಿಸಿದಳು. ಲೆಕ್ಕ ಕಾಲದ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಮುಂದೆ ಹೋಗುತ್ತದೆ. ಗೋಡೆ ಗಟ್ಟಿ ಅಂತ ಇಟ್ಟರೆ ಎಲ್ಲ ಸರಿ. ಹಿಗ್ಗಲು ಬಿಟ್ಟ ಕೂಡಲೇ ಒತ್ತಡ ಒಂದು ಹೆಜ್ಜೆಗೆ ಮೇಲೆ, ಮುಂದಿನ ಹೆಜ್ಜೆಗೆ ಸೊನ್ನೆಗಿಂತ ಕೆಳಗೆ, ಆಮೇಲೆ ಇನ್ನೂ ಮೇಲೆ. ಏಳೆಂಟು ಹೆಜ್ಜೆಯಲ್ಲಿ ಲೆಕ್ಕ ಕೈಮೀರಿತು. ಟೈಮ್ ಸ್ಟೆಪ್, ಅಂದರೆ ಒಂದು ಹೆಜ್ಜೆಯ ಕಾಲ, ಅರ್ಧ ಮಾಡಿದಳು. ಇನ್ನೂ ಬೇಗ ಕೈಮೀರಿತು.

ಅವಳ ಪ್ರೋಗ್ರಾಮು ಪ್ರತಿ ಹೆಜ್ಜೆಗೆ ರಕ್ತದ ಲೆಕ್ಕ ಒಂದು ಸಲ, ಗೋಡೆಯ ಲೆಕ್ಕ ಒಂದು ಸಲ ಮಾಡಿ ಮುಂದೆ ಹೋಗುತ್ತಿತ್ತು. ವಿಮಾನದ ರೆಕ್ಕೆಗೆ ಇದು ನಡೆಯುತ್ತದೆ. ಗಾಳಿ ಘನ ಮೀಟರಿಗೆ ಸುಮಾರು 1.2 ಕೆಜಿ, ಲೋಹದ ಮುಂದೆ ಏನೂ ಅಲ್ಲ. ರಕ್ತ ಸುಮಾರು 1060 ಕೆಜಿ. ನಾಳದ ಗೋಡೆಯೂ ಹೆಚ್ಚುಕಡಿಮೆ ಅಷ್ಟೇ, ಅದರ ಮೇಲೆ ತೆಳು ಬೇರೆ. ಗೋಡೆ ಕದಲಬೇಕಾದರೆ ಪಕ್ಕದ ರಕ್ತವನ್ನೂ ಕದಲಿಸಬೇಕು. ಇದನ್ನೇ ಆ್ಯಡೆಡ್ ಮಾಸ್ ಅನ್ನುತ್ತಾರೆ. ಒಂದೊಂದೇ ಸಲದ ಲೆಕ್ಕ ಇದನ್ನು ತಾಳಲಿಲ್ಲ, ಅದಕ್ಕೇ ಕೈಮೀರಿತು.

ನಾನು ‘ಸೇರಿಸಿದ ದ್ರವ್ಯರಾಶಿ’ ಅಂತ ಬರೆದುಕೊಟ್ಟೆ. ಅವಳು ಮನೆಗೆ ಹೋಗಿ ಗೋಡೆಯ ಸಾಂದ್ರತೆಯನ್ನೇ ಹತ್ತು ಪಟ್ಟು ಜಾಸ್ತಿ ಮಾಡಿ ತಂದಳು. ಲೆಕ್ಕವೇನೋ ಕೈಮೀರಲಿಲ್ಲ. ಆದರೆ ಅಷ್ಟು ಭಾರದ ಗೋಡೆ ಯಾರ ಮೈಯಲ್ಲೂ ಇಲ್ಲ. ತಪ್ಪು ಅವಳದ್ದಲ್ಲ, ನನ್ನ ಪದದ್ದು. ‘ಸೇರಿಸಿದ’ ಅಂದರೆ ಯಾರೋ ಸೇರಿಸಬೇಕು ಅಂತಲೇ ಕೇಳಿಸುತ್ತದೆ, ಅಲ್ವಾ? ಮಾಡಬೇಕಾಗಿದ್ದದ್ದು ಬೇರೆ. ಒಂದೇ ಹೆಜ್ಜೆಯಲ್ಲಿ ರಕ್ತ, ಗೋಡೆ ಎರಡರ ಲೆಕ್ಕ ಒಂದಕ್ಕೊಂದು ಒಪ್ಪುವವರೆಗೆ ತಿರುಗಿ ತಿರುಗಿ ಮಾಡಬೇಕು. ಪ್ರತಿ ಸಲ ಬಂದ ತಿದ್ದುಪಡಿಯಲ್ಲಿ ಒಂದು ಪಾಲು ಮಾತ್ರ ಹಾಕಬೇಕು. ಎಷ್ಟು ಪಾಲು ಅನ್ನೋದನ್ನು ಐಟ್ಕೆನ್ ವಿಧಾನ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ.

ಈಗ ‘ಹೊರೆ’ ಅನ್ನಬೇಕು ಅನ್ನಿಸುತ್ತಿದೆ. ನಮ್ಮ ಕಡೆ ಸೊಪ್ಪಿನ ಬೆಟ್ಟದಿಂದ ಸೊಪ್ಪಿನ ಹೊರೆ ಹೊತ್ತು ತರುತ್ತಾರೆ. ಹೊತ್ತವರ ಮೈತೂಕ ಇದ್ದಷ್ಟೇ ಇರುತ್ತದೆ. ಆದರೆ ಹೆಜ್ಜೆ ಕೀಳುವಾಗ, ತಟ್ಟನೆ ನಿಲ್ಲುವಾಗ, ತೋಟದ ಸಂಕ ದಾಟಿ ತಿರುಗುವಾಗ ಹೊರೆ ಅವರನ್ನು ಹಿಂದಕ್ಕೆ ಮುಂದಕ್ಕೆ ಎಳೆಯುತ್ತದೆ. ಗೋಡೆಗೂ ರಕ್ತ ಹೀಗೇ. ‘ರಕ್ತದ ಹೊರೆ’ ಅಂದರೆ ಯಾರೂ ಗೋಡೆಯ ಸಾಂದ್ರತೆ ಮುಟ್ಟಲಾರರು.

ಅಳುಕು ಒಂದೇ. ‘ಸಾಲದ ಹೊರೆ’ ಅಂದಾಗ ಅದು ಸುಮ್ನೆ ಕೂತರೂ ಭಾರವೇ. ಆ್ಯಡೆಡ್ ಮಾಸ್ ಹಾಗಲ್ಲ, ವೇಗ ಬದಲಾದಾಗ ಮಾತ್ರ ತಿಳಿಯುತ್ತದೆ. ಒಂದೇ ವೇಗದಲ್ಲಿ ಹೋಗುವಾಗಲೂ ದ್ರವ ಹಿಡಿದೆಳೆಯುವುದಕ್ಕೆ ‘ತಡೆ’ ಅಂತ ಬೇರೆ ಇಟ್ಟುಕೊಂಡಿದ್ದೇನೆ. ಅವೆರಡು ಬೆರೆಯಬಾರದು.

ತೀರ್ಥಹಳ್ಳಿ ಕಡೆ ತುಂಗೆಯಲ್ಲಿ, ಸಾಗರದ ಕಡೆ ಶರಾವತಿ ಹಿನ್ನೀರಿನಲ್ಲಿ ದೋಣಿ ನಡೆಸಿದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ನಿಂತ ದೋಣಿಯನ್ನು ದಡದಿಂದ ನೂಕುವಾಗ ಮೊದಲ ನೂಕಿಗೆ ನೀರೂ ಜೊತೆಗೆ ಬಂದ ಹಾಗೆ ಭಾರ ಅನ್ನಿಸುತ್ತದಲ್ಲ, ಅದಕ್ಕೆ ನಿಮ್ಮ ಮನೆಯಲ್ಲಿ ಏನಂತಾರೆ?